ಮ್ಯಾನ್ಮಾರ್: ಕಳವಳ ಇತ್ತು, ಒತ್ತಡ ಇರಲಿಲ್ಲ

2012–13ರಲ್ಲಿ ವಿಶ್ವಸಂಸ್ಥೆ ಅಷ್ಟು ಕಳವಳ ತೋರಿದರೂ ಮ್ಯಾನ್ಮಾರ್‌ನ ಬೌದ್ಧ–ಮುಸ್ಲಿಂ ಕೋಮುಹಿಂಸೆ ಯಾಕೆ ನಿಲ್ಲಲಿಲ್ಲ ಅಂತ ಕೇಳಿದ್ದೀರಿ. ಒತ್ತಡ ಹಾಕುವ ಅಸ್ತ್ರವನ್ನು, ಅಂದರೆ ನಿರ್ಬಂಧಗಳನ್ನು, ಆಗಲೇ ಕೆಳಗಿಟ್ಟಾಗಿತ್ತು, ಅದಕ್ಕೇ. 2013ರ ಮಾರ್ಚ್ 20ರಂದು ಮಧ್ಯ ಮ್ಯಾನ್ಮಾರ್‌ನ ಮೈಕ್ತಿಲಾ ಊರಿನ ಚಿನ್ನದಂಗಡಿಯೊಂದರ ಜಗಳದಿಂದ ಹೊತ್ತಿಕೊಂಡ ಗಲಭೆಗೆ 40ಕ್ಕೂ ಹೆಚ್ಚು ಜನ ಬಲಿಯಾದರು. ಏಪ್ರಿಲ್ 22ಕ್ಕೆ ಐರೋಪ್ಯ ಒಕ್ಕೂಟ ಶಸ್ತ್ರಾಸ್ತ್ರ ನಿಷೇಧವೊಂದನ್ನು ಬಿಟ್ಟು ಮ್ಯಾನ್ಮಾರ್ ಮೇಲಿನ ಉಳಿದ ನಿರ್ಬಂಧಗಳನ್ನೆಲ್ಲ ತೆಗೆದೇಬಿಟ್ಟಿತು! ಆಗಸ್ಟ್‌ನಲ್ಲಿ ಅದೇ ಊರಿಗೆ ಹೋದ ವಿಶ್ವಸಂಸ್ಥೆಯ ವಿಶೇಷ ವರದಿಗಾರ ತೊಮಾಸ್ ಒಹೆಯಾ ಕಿಂತಾನಾ ಅವರ ಕಾರನ್ನು ಸುಮಾರು 200 ಜನ ಮುತ್ತಿ ಗುದ್ದಿದರು, ಒದ್ದರು. ಪೊಲೀಸರು ಸುಮ್ಮನೆ ನಿಂತಿದ್ದರು ಎಂದು ಅವರೇ ಹೇಳಿದ್ದಾರೆ. ಅಧ್ಯಕ್ಷ ಥೇನ್ ಸೇನ್ 2012ರಲ್ಲಿ ಒಪ್ಪಿದ್ದ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಹೈಕಮಿಷನರ್ ಕಚೇರಿಯಂತೂ ದೇಶದಲ್ಲಿ ತೆರೆಯಲೇ ಇಲ್ಲ. ಅಲ್ಲಿನ ಮುಸ್ಲಿಂ ಅಲ್ಪಸಂಖ್ಯಾತರಾದ ರೋಹಿಂಗ್ಯಾರ ವಿಷಯಕ್ಕೆ ಮೊದಲು, ಅವರನ್ನು ಪೌರತ್ವದಿಂದ ಹೊರಗಿಟ್ಟ 1982ರ ಪೌರತ್ವ ಕಾಯ್ದೆ ನೋಡಿ. ಅದನ್ನು ಯಾರೂ ಮುಟ್ಟಲಿಲ್ಲ. 2015ರಲ್ಲಿ ರೋಹಿಂಗ್ಯಾರ ಬಿಳಿ ಕಾರ್ಡೂ (ತಾತ್ಕಾಲಿಕ ಗುರುತಿನ ಚೀಟಿ) ರದ್ದಾಗಿ, ಇದ್ದ ಮತದ ಹಕ್ಕೂ ಹೋಯಿತು.