ಸಂಪಾದಕರ ಉತ್ತರ: ಗ್ವಾದಲಿಯ ಎತ್ತರದಿಂದ ಕಂಡ ಮನೆ

ಬಾಗಲಕೋಟೆಯ ನವನಗರದ ಓದುಗರೊಬ್ಬರು ಒಂದು ಪತ್ರವನ್ನೂ, ಬರೆಯುತ್ತಿರುವ ಕಾದಂಬರಿಯ 38 ನಮೂದುಗಳನ್ನೂ ಕಳಿಸಿದ್ದಾರೆ. ಹೆಸರು ಬೇಡ ಎಂದಿದ್ದಾರೆ. ಕಾದಂಬರಿ ಇರುವುದು ಕನಸಿನ ದಿನಚರಿಯ ರೂಪದಲ್ಲಿ. ನಾಯಕಿಗೆ 27 ವರ್ಷ, ಬ್ಯಾಂಕಿನಲ್ಲಿ ಕೆಲಸ. ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಒಂದು ಊರಿನ ಮನೆ ಅವಳ ಕನಸಿಗೆ ಮತ್ತೆ ಮತ್ತೆ ಬರುತ್ತದೆ; ಅಲ್ಲಿ ತಾನೇ ಬಾಳಿ ಮರೆತಂತೆ. ಅವರ ಮುಖ್ಯ ಪ್ರಶ್ನೆಗಳು ಮೂರು. ಓದಿದ ಗೆಳತಿಯರೆಲ್ಲ “ಇದು ಕನಸಲ್ಲ, ಕತೆ” ಅಂದರು, ಯಾಕೆ? ದಿನಾಂಕಗಳನ್ನು ಹೇಗೆ ಹೊಂದಿಸಬೇಕು? ಅದು ಬರೇ ಕಲ್ಪನೆಯಲ್ಲ, ಬಾಳಿದ ಬದುಕು ಎಂದು ಓದುಗ ಹೇಗೆ ನಂಬಬೇಕು?

ಸಹೋದರಿ, ನಮಸ್ಕಾರ.

ನಿಮ್ಮ ಗೆಳತಿಯರು ಸರಿಯಾಗಿಯೇ ಹೇಳಿದ್ದಾರೆ. ಕಾರಣ ನಿಮ್ಮ ಆರನೇ ನಮೂದಿನಲ್ಲೇ ಇದೆ: “ನಾನು ಹಳೆಯ ಮನೆಯೊಳಗೆ ಹೋದೆ. ಅಲ್ಲಿ ನನ್ನ ಹಿಂದಿನ ಬದುಕಿನ ತಾಯಿ ರೊಟ್ಟಿ ಬಡಿಯುತ್ತಿದ್ದಳು. ‘ಬಂದೆಯಾ ಮಗಳೇ, ಎಷ್ಟು ವರ್ಷವಾಯಿತು’ ಎಂದು ಅತ್ತಳು. ನನಗೆ ಎಲ್ಲ ನೆನಪಾಯಿತು.” ಇಲ್ಲಿ ಬರೆಯುತ್ತಿರುವವಳು ಕನಸಿನಿಂದ ಎದ್ದವಳಲ್ಲ, ಕಾದಂಬರಿಯ ಕೊನೆಯ ಪುಟವನ್ನು ಓದಿ ಬಂದವಳು. ಅದು ಹಿಂದಿನ ಬದುಕು ಎಂದು ಆರನೇ ದಿನವೇ ಅವಳಿಗೆ ಹೇಗೆ ಗೊತ್ತು? ಕಂಡದ್ದರ ಅರ್ಥ ಬರೆಯುವವಳಿಗೆ ಗೊತ್ತಿರಬಾರದು. ವಸ್ತು ಮೊದಲು ಬರಬೇಕು, ಅದರ ಹೆಸರು ವಾರಗಳಾದ ಮೇಲೆ, ಅರ್ಥ ಅದಕ್ಕಿಂತ ತಡವಾಗಿ. ನಿಮ್ಮ 38 ನಮೂದುಗಳಿಗೂ ನಾವು ಹೇಳುವ ಮುಖ್ಯ ಮಾತು ಇದೊಂದೇ.

ಅವಳು ಹೇಗೆ ಬರೆದಿಟ್ಟುಕೊಳ್ಳುತ್ತಾಳೆ ಎಂಬುದನ್ನು ಮೊದಲು ಗಟ್ಟಿಮಾಡಿಕೊಳ್ಳಿ. ಎಚ್ಚರವಾದ ಕೂಡಲೇ ಹೊರಳಬಾರದು, ಕಣ್ಣು ತೆರೆಯಬಾರದು, ಮೊಬೈಲು ಮುಟ್ಟಬಾರದು. ಮೈ ಅಲುಗಿ ಬೇರೆ ಕಡೆ ಗಮನ ಹೋದರೆ ಕನಸು ಕೆಲವೇ ನಿಮಿಷಗಳಲ್ಲಿ ಕರಗುತ್ತದೆ. ಕಟ್ಟಕಡೆಯ ಚಿತ್ರವನ್ನು ಹಿಡಿದುಕೊಂಡು, ಅದಕ್ಕಿಂತ ಮುಂಚೆ ಏನಿತ್ತು ಎಂದು ಹಿಂದಕ್ಕೆ ಹೋಗಬೇಕು. ಆಮೇಲೆ ಕತ್ತಲಲ್ಲೇ ಐದಾರು ಪದ. ಪೆನ್ಸಿಲ್ ಇರಲಿ, ಅಂಗಾತ ಮಲಗಿ ಮೇಲ್ಮುಖವಾಗಿ ಬರೆದರೆ ಬಾಲ್‌ಪೆನ್ನಿನ ಶಾಯಿ ಕೆಳಗಿಳಿಯದೆ ನಾಲ್ಕು ಸಾಲಿಗೆ ನಿಂತುಬಿಡುತ್ತದೆ. ಪೂರ್ತಿ ಬರೆಯುವುದು ಎದ್ದು ಕೂತ ಮೇಲೆ. ಹೀಗೆ ಮಾಡಿದರೆ ಪ್ರತಿ ನಮೂದಿಗೂ ಎರಡು ಪದರ ಬರುತ್ತದೆ. ಮೇಲೆ ಕತ್ತಲಲ್ಲಿ ಗೀಚಿದ ಪದಗಳು, ಕೆಳಗೆ ಬೆಳಕಿನಲ್ಲಿ ಬರೆದ ವಾಕ್ಯಗಳು. ಗೀಚಿದ್ದರಲ್ಲಿ ಒಂದು ಪದ ಅವಳಿಗೇ ಓದಲು ಬರದಿರಲಿ. ಆ ಪದ ಮೂವತ್ತನೇ ನಮೂದಿನ ಹೊತ್ತಿಗೆ ಕೆಲಸಕ್ಕೆ ಬರುತ್ತದೆ.

ಹೊತ್ತು ಕೂಡ ನೋಡಿಕೊಳ್ಳಿ. ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣು ಓಡಾಡುವ ರೆಮ್ ನಿದ್ದೆಯನ್ನು ಷಿಕಾಗೋದಲ್ಲಿ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ 1953ರಲ್ಲಿ ದಾಖಲಿಸಿದರು. ಎದ್ದೇಳಿಸಿದರೆ ಜನ ಸ್ಪಷ್ಟವಾದ ಕನಸು ಹೇಳುವುದು ಹೆಚ್ಚಾಗಿ ಈ ನಿದ್ದೆಯಿಂದಲೇ. ಸುಮಾರು 90 ನಿಮಿಷಕ್ಕೊಮ್ಮೆ ಇದು ಬರುತ್ತದೆ. ಮೊದಲ ಸಲ ಕೆಲವೇ ನಿಮಿಷ, ಬೆಳಗಿನ ಜಾವಕ್ಕೆ ಅರ್ಧ ತಾಸು ಅಥವಾ ಹೆಚ್ಚು. ಬೆಳಗಿನ ಜಾವದ ಕನಸು ನಿಜವಾಗುತ್ತದೆ ಅನ್ನುತ್ತಾರಲ್ಲ, ಉದ್ದವಾಗಿ ಬಂದು ನೆನಪಿನಲ್ಲಿ ಉಳಿಯುವುದು ಆ ಹೊತ್ತಿನ ಕನಸೇ. ನಿಮ್ಮ ನಾಯಕಿ ಹತ್ತೂವರೆಗೆ ಮಲಗಿ ಹನ್ನೊಂದಕ್ಕೇ ಎದ್ದು ಎರಡು ಪುಟ ಬರೆಯುತ್ತಾಳೆ. ಅದು ಆಗದು. ಆ ಹೊತ್ತಿಗೆ ಒಂದು ಚಿತ್ರ, ಒಂದು ಸಪ್ಪಳ, ಅಷ್ಟು ಸಾಕು. ಉದ್ದನೆಯವನ್ನು ಐದು ಗಂಟೆಗೆ ಇಡಿ.

ದಿನಾ ಕನಸು ನೆನಪಾಗುವುದಿಲ್ಲ ಎಂಬುದೂ ಇರಲಿ. ತಿಂಗಳಿಗೆ ಹನ್ನೆರಡರಿಂದ ಹದಿನಾಲ್ಕು ನಮೂದು ಸಾಕು. ಅದರಲ್ಲಿ ನಾಲ್ಕೈದು ಒಂದೇ ಸಾಲಿನವು, ಉಳಿದವು ನೂರು ಪದದೊಳಗೆ. ಮುನ್ನೂರು ಪದದ ಕನಸು ಇಡೀ ಪುಸ್ತಕದಲ್ಲಿ ಮೂರೋ ನಾಲ್ಕೋ. “ಇವತ್ತು ಏನೂ ಇಲ್ಲ” ಎಂದು ಬರೆದ ದಿನಗಳನ್ನು ತೆಗೆಯಬೇಡಿ, ಅವೇ ದಿನಚರಿಯನ್ನು ದಿನಚರಿ ಮಾಡುತ್ತವೆ.

ಕನಸಿನೊಳಗೆ ಏನೇನು ಬರಬೇಕು? ಎಚ್ಚರದ ಬದುಕು ಕನಸಿಗೆ ಎರಡು ಸಲ ಇಳಿಯುತ್ತದೆ. ಮರುದಿನವೇ ಒಮ್ಮೆ, ಐದರಿಂದ ಏಳು ದಿನ ಬಿಟ್ಟು ಇನ್ನೊಮ್ಮೆ. ಆದ್ದರಿಂದ ಪ್ರತಿ ಕನಸಿಗೂ ನಿನ್ನೆಯದೊಂದು ಚೂರು, ಹೋದ ವಾರದ್ದೊಂದು ಚೂರು, ಮರೆತ ಬದುಕಿನದೊಂದು ಚೂರು ಎಂದು ಬೇರೆ ವಹಿಯಲ್ಲಿ ಗುರುತು ಮಾಡಿಕೊಳ್ಳಿ. ನೂರು ಪದದಲ್ಲಿ ಮರೆತ ಬದುಕಿಗೆ ಸಿಗಬೇಕಾದದ್ದು ಒಂದೋ ಎರಡೋ ಸಾಲು. ನಿಮ್ಮಲ್ಲಿ ಅದೇ ಪೂರ್ತಿ ತುಂಬಿದೆ, ಹಾಗಾಗಿ ಅದು ಕತೆಯಾಗಿ ಹೋಗಿದೆ. ಆರನೇ ನಮೂದನ್ನು ಹೀಗೆ ಬರೆದು ನೋಡಿ (ಗ್ವಾದಲಿ ಅಂದರೆ ದನಕ್ಕೆ ಮೇವು ಹಾಕುವ ಕಟ್ಟೆ):

“5.10. ರೊಟ್ಟಿ ಬಡಿಯೋ ಸಪ್ಪಳ. ಯಾರಂತ ಕಾಣವಲ್ದು, ಬರೇ ಕೈ, ಬಳಿ. ನಾ ಗ್ವಾದಲಿ ಕಲ್ಲಿನ ಮ್ಯಾಲ ಗದ್ದ ಇಟ್ಟು ನಿಂತೀನಿ. ಕಲ್ಲು ತಣ್ಣಗೈತಿ. ಬ್ಯಾಂಕಿನ ಶಿಕ್ಕಾ ಕೈಯಾಗೈತಿ, ಅದನ್ನ ಎತ್ತಿನ ಕೋಡಿಗೆ ಒತ್ತಬೇಕು. ಎತ್ತು ಇಲ್ಲ. ಬೆಳಕಿಂಡಿಯಿಂದ ನೀರು ಬರಾಕ ಹತ್ತೈತಿ, ಯಾರೂ ಅಂಜವಲ್ರು. ನಾ ಗ್ವಾದಲ್ಯಾಗ ಕುಂತೀನಿ, ಮೇವಿನ ಮ್ಯಾಲ ಕುಂತಾಳ.”

ಕೊನೆಯ ವಾಕ್ಯ ನೋಡಿ. “ಕುಂತೀನಿ” ಅಂತ ಹೊರಟದ್ದು “ಕುಂತಾಳ” ಅಂತ ಮುಗಿಯಿತು. ನಮ್ಮ ಭಾಷೆಯಲ್ಲಿ ಯಾರು ಎಂಬುದನ್ನು ಕ್ರಿಯಾಪದದ ಬಾಲವೇ ಹೇಳುತ್ತದೆ. ನಾನು ಅವಳಾಗುವುದನ್ನು ವಿವರಿಸಬೇಕಿಲ್ಲ, ಬಾಲ ಬದಲಿಸಿದರೆ ಸಾಕು. ಇದನ್ನು ಇಡೀ ಪುಸ್ತಕದಲ್ಲಿ ಮೂರು ಸಲ ಮಾತ್ರ ಮಾಡಿ. ಎಚ್ಚರದ ಟಿಪ್ಪಣಿಗಳು ಅವಳ ಬ್ಯಾಂಕಿನ ಕನ್ನಡದಲ್ಲೇ ಇರಲಿ, ಕನಸು ಮನೆಮಾತಿನಲ್ಲಿರಲಿ. “ಯಾಕೆಂದರೆ”, “ಹಾಗಾಗಿ”, “ಆಗ ನನಗೆ ಅರಿವಾಯಿತು” ಇವೆಲ್ಲ ಕನಸಿನ ಭಾಗದಿಂದ ಹೋಗಲಿ.

ಇನ್ನೆರಡು ತಪ್ಪು. ಇಪ್ಪತ್ತೆರಡನೇ ನಮೂದಿನಲ್ಲಿ ಅವಳು ಅಗಸಿಯ, ಅಂದರೆ ಊರ ಹೆಬ್ಬಾಗಿಲಿನ, ಮೇಲಿರುವ ಊರ ಹೆಸರನ್ನು ಓದುತ್ತಾಳೆ. ಕನಸಿನಲ್ಲಿ ಸಾಮಾನ್ಯವಾಗಿ ಅಕ್ಷರ ನಿಲ್ಲುವುದಿಲ್ಲ, ಮತ್ತೆ ನೋಡಿದರೆ ಬೇರೆಯಾಗಿರುತ್ತದೆ. ಕಲ್ಲು ಕಾಣಲಿ, ಏನು ಬರೆದಿದೆ ಎಂಬುದು ಓದದೇ ಗೊತ್ತಿರಲಿ, ಎದ್ದ ಮೇಲೆ ಮರೆತುಹೋಗಲಿ. ಮತ್ತೆ ನಿಮ್ಮ ಕನಸುಗಳ ತುಂಬ ವಾಸನೆ: ಸಗಣಿ, ಹೊಗೆ, ಮಲ್ಲಿಗೆ. ಜನ ಹೇಳುವ ಕನಸುಗಳಲ್ಲಿ ನೋಟ ಹೆಚ್ಚು, ಆಮೇಲೆ ಸಪ್ಪಳ. ವಾಸನೆ ಬಲು ಅಪರೂಪ. ಒಂದೇ ಒಂದು ಕನಸಿಗೆ ವಾಸನೆ ಕೊಡಿ, ಓದುಗರಿಗೆ ಮೈ ಜುಂ ಅನ್ನುತ್ತದೆ.

ಈಗ ದೊಡ್ಡ ಪ್ರಶ್ನೆ: ಆ ಬದುಕು ಯಾರದು? ನಾಯಕಿಗೆ ಗೊತ್ತಿರಬಾರದು, ಆದರೆ ನಿಮಗೆ ಗೊತ್ತಿರಲೇಬೇಕು. ನೀವಿನ್ನೂ ತೀರ್ಮಾನಿಸಿಲ್ಲ ಎಂಬುದು ಹಸ್ತಪ್ರತಿಯಲ್ಲೇ ಕಾಣುತ್ತದೆ. ಒಂಬತ್ತನೇ ನಮೂದಿನಲ್ಲಿ ಅವಳೇ ಹಿಟ್ಟು ನಾದಿ ಕೊಣಮಿಗೆಯಲ್ಲಿ ರೊಟ್ಟಿ ಬಡಿಯುತ್ತಾಳೆ. ಅದು ದೊಡ್ಡವಳ ಕೈ. ಹದಿನಾಲ್ಕರಲ್ಲಿ ಗ್ವಾದಲಿಯ ಅಂಚು ಅವಳ ಗದ್ದಕ್ಕೆ ಬರುತ್ತದೆ. ಎತ್ತಿನ ಗ್ವಾದಲಿ ಎರಡೂವರೆ ಅಡಿ ಎತ್ತರ ಎಂದು ಹಿಡಿಯಿರಿ. ನಿಂತ ಹೆಂಗಸಿಗೆ ಅದು ತೊಡೆಯ ಮಟ್ಟ. ಗದ್ದಕ್ಕೆ ಬರುವುದು ಮೂರಡಿಯ ಕೂಸಿಗೆ, ಅಂದರೆ ಮೂರು ವರ್ಷದ ಮಗುವಿಗೆ. ನೀವು ಗೊತ್ತಿಲ್ಲದೇ ಬರೆದ ಈ ಒಂದು ಅಳತೆಯೇ ನಿಮ್ಮ ಕಾದಂಬರಿಯ ಕೀಲಿಕೈ ಎಂದು ನಮಗೆ ಅನ್ನಿಸುತ್ತದೆ.

ಲೆಕ್ಕ ಹಾಕಿ. ಕತೆ 2025ರಲ್ಲಿ ನಡೆದರೆ ನಾಯಕಿ ಹುಟ್ಟಿದ್ದು 1998. ಆಲಮಟ್ಟಿ ಅಣೆಕಟ್ಟನ್ನು ಸಮುದ್ರಮಟ್ಟದಿಂದ 519.60 ಮೀಟರ್‌ವರೆಗೆ ಏರಿಸಲು ಸುಪ್ರೀಂ ಕೋರ್ಟು ಒಪ್ಪಿದ್ದು 2000ದ ಏಪ್ರಿಲಿನಲ್ಲಿ. ನಿಮ್ಮ ಊರು 2001ರಲ್ಲಿ ಖಾಲಿಯಾಯಿತು ಎಂದಿಟ್ಟುಕೊಂಡರೆ ಅವಳಿಗೆ ಆಗ ಮೂರು. ದೊಡ್ಡವರಾದ ಮೇಲೆ ನಮಗೆ ಮೂರು, ಮೂರೂವರೆ ವರ್ಷಕ್ಕಿಂತ ಹಿಂದಿನದು ಸಾಮಾನ್ಯವಾಗಿ ನೆನಪಿರುವುದಿಲ್ಲ. ಹಾಗಾದರೆ ಅವಳು ಮರೆತ ಬದುಕು ಅವಳದೇ. ಹೊಸ್ತಿಲು ಹತ್ತಿ ಇಳಿಯುವಷ್ಟು ಎತ್ತರ, ಬೆಳಕಿಂಡಿ ಆಕಾಶದಷ್ಟು ದೂರ, ದೊಡ್ಡವರದು ಮೊಣಕಾಲು ಮತ್ತು ಸೀರೆಯ ಅಂಚು ಮಾತ್ರ. ಈ ಎತ್ತರವನ್ನು ಒಂದು ನಮೂದಿನಲ್ಲೂ ಬಿಡಬೇಡಿ, ಬಾಯಿಬಿಟ್ಟು ಹೇಳಲೂ ಬೇಡಿ.

ಆಗ ರೊಟ್ಟಿ ಬಡಿದ ಕೈ ಯಾರದು? ಅಜ್ಜಿಯದು. ಮಡಿಲಲ್ಲಿ ಕೂತು ಕಂಡದ್ದು, ಮಲಗುವಾಗ ಕೇಳಿದ್ದು, ಎಲ್ಲಿಂದ ಬಂತು ಎಂಬುದು ಮರೆತು ತನ್ನದೇ ಎಂದು ಉಳಿದದ್ದು. ಇಲ್ಲಿಗೆ ಒಂದು ದೃಶ್ಯ ಸೂಚಿಸುತ್ತೇವೆ. ಪಡಸಾಲೆಯ ನೆಲದಲ್ಲಿ ಒಂದು ತೂತು, ಅದರೊಳಗೆ ಹಗ್ಗಕ್ಕೆ ಕಟ್ಟಿದ ಕಂದೀಲು ಇಳಿಯುತ್ತದೆ, ಆರಿಹೋಗುತ್ತದೆ, ಸುತ್ತ ನಿಂತವರೆಲ್ಲ ಒಮ್ಮೆಲೇ ಹಿಂದೆ ಸರಿಯುತ್ತಾರೆ. ಅವಳಿಗೆ ಅದೊಂದು ಹೆದರಿಕೆಯ ಕನಸು. ಮೂರು ವಾರ ಬಿಟ್ಟು “ಹಗೇವು” ಎಂಬ ಪದ ಕನಸಿಗೆ ಬರಲಿ. ಅವ್ವನನ್ನು ಕೇಳಿದಾಗ ಗೊತ್ತಾಗುತ್ತದೆ: ಜೋಳ ತುಂಬಿ ಬಾಯಿಗೆ ಕಲ್ಲು ಮುಚ್ಚಿದ ನೆಲಮಾಳಿಗೆಯಂಥ ಕುಣಿ ಅದು. ಮುಚ್ಚಿಟ್ಟ ಕಾಳು ಉಸಿರಾಡಿ ಒಳಗೆ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ, ತೆಗೆದ ಕೂಡಲೇ ಇಳಿದವರು ಸಾಯುತ್ತಾರೆ. ಅದಕ್ಕೇ ಮೊದಲು ದೀಪ ಇಳಿಸಿ ನೋಡುವುದು. ಆರಿದರೆ ಯಾರೂ ಇಳಿಯುವಂತಿಲ್ಲ, ಗಾಳಿಯಾಡಲು ಬಿಡಬೇಕು. 1998ರಲ್ಲಿ ಹುಟ್ಟಿದ ಕೂಸು ಹಗೇವು ತೆಗೆಯುವುದನ್ನು ಕಂಡಿರುವುದು ಕಷ್ಟ. ಹಾಗಾದರೆ ಇದು ಯಾರ ನೆನಪು? ಓದುಗ ಅಲ್ಲಿ ನಿಲ್ಲುತ್ತಾನೆ, ನಿಲ್ಲಲಿ.

ಪುನರ್ಜನ್ಮವೇ ಇರಲಿ ಎನ್ನುವಿರಾದರೆ ಒಂದು ತೊಡಕಿದೆ. ವರ್ಜೀನಿಯಾ ವಿಶ್ವವಿದ್ಯಾಲಯದ ಇಯಾನ್ ಸ್ಟೀವನ್ಸನ್, ಬೆಂಗಳೂರಿನ ನಿಮ್ಹಾನ್ಸ್‌ನ ಸತ್ವಂತ್ ಪಸ್ರೀಚಾ ನಮ್ಮ ದೇಶದಲ್ಲಿ ಕಲೆಹಾಕಿದ ಪ್ರಕರಣಗಳಲ್ಲಿ ಹೆಚ್ಚಿನವು ಮಕ್ಕಳವು. ಎರಡರಿಂದ ಐದು ವರ್ಷದ ನಡುವೆ, ಎಚ್ಚರದಲ್ಲೇ ಮಾತು ತೆಗೆದು, ಎಂಟರೊಳಗೆ ಮರೆತವು. 27ರಲ್ಲಿ ಕನಸಿನಿಂದ ಶುರುವಾಗುವುದು ಆ ಜಾಡಿನದಲ್ಲ. ಕನ್ನಡದಲ್ಲಿ ಜಾತಿಸ್ಮರಣೆಯ, ಅಂದರೆ ಹಿಂದಿನ ಜನ್ಮದ ನೆನಪಿನ, ಹಳೆಯ ಮಾದರಿ ಪಂಪ 941ರಲ್ಲಿ ಬರೆದ ಆದಿಪುರಾಣದಲ್ಲಿದೆ. ಅಲ್ಲೂ ಶ್ರೀಮತಿಗೆ ಹಿಂದಿನ ಭವ ನೆನಪಾಗುವುದು ನಿದ್ದೆಯಲ್ಲಲ್ಲ, ಆಕಾಶದಲ್ಲಿ ಹೋಗುವ ದೇವತೆಗಳನ್ನು ಕಂಡು. ಆಮೇಲೆ ಅವಳು ಅದನ್ನು ಪಟದ ಮೇಲೆ ಚಿತ್ರಿಸುತ್ತಾಳೆ, ಅದನ್ನು ನೋಡಿ, ಆ ಭವದಲ್ಲಿ ಅವಳ ಗಂಡನಾಗಿದ್ದ ವಜ್ರಜಂಘ ಗುರುತು ಹಿಡಿಯುತ್ತಾನೆ. ನಿಮ್ಮ ಮೂರನೇ ಪ್ರಶ್ನೆಗೆ ಉತ್ತರ ಇಲ್ಲಿದೆ. ಒಬ್ಬರ ನೆನಪನ್ನು ಅವರೇ ಸಾಬೀತು ಮಾಡಲಾಗದು, ಹೊರಗಿನ ಕಣ್ಣೊಂದು ಬೇಕು. ನಿಮ್ಮ ನಾಯಕಿಯೂ ಮನೆಯ ನಕ್ಷೆ ಬಿಡಿಸಲಿ: ಅಂಕಣ ಎಷ್ಟು, ಒರಳು ಎಲ್ಲಿ, ಗ್ವಾದಲಿ ಯಾವ ಗೋಡೆಗೆ. ಹೆಸರು ಹೇಳದೆ ಅದನ್ನು ಮುಳುಗಡೆಯಾದವರ ಪುನರ್ವಸತಿ ಕೇಂದ್ರದ ಮುದುಕರ ಮುಂದೆ ಇಡಲಿ. ಒಬ್ಬರು “ಒರಳು ಈ ಕಡಿ ಇತ್ತು” ಎಂದು ತಿದ್ದಲಿ. ಪೂರ್ತಿ ಹೊಂದಿದರೆ ಓದುಗ ನಂಬುವುದಿಲ್ಲ.

ಎರಡನೇ ಸಾಕ್ಷಿ ನೀರು. ಹಿನ್ನೀರು ಮಳೆಗಾಲದಲ್ಲಿ ಏರಿ ಬೇಸಿಗೆಗೆ ಹಿಂದೆ ಸರಿಯುತ್ತದೆ. ನಿಮ್ಮ ಊರನ್ನು ಘಟಪ್ರಭೆಯ ಪಾತ್ರದ ಪಕ್ಕದಲ್ಲೇ ಇಟ್ಟರೆ ಮೇ ತಿಂಗಳಲ್ಲೂ ಅದು ಹೊರಬೀಳದೇ ಹೋಗಬಹುದು, 519 ಮೀಟರ್ ಮಟ್ಟದ ಅಂಚಿಗೆ ಇಟ್ಟರೆ ಬೇಗನೇ ಹೊರಬಿದ್ದು ಕುತೂಹಲ ಕೆಡುತ್ತದೆ. ಇವೆರಡರ ನಡುವೆ ಇಡಿ. ದಿನಚರಿ ನೀರು ತುಂಬಿದ ಶೀಗಿ ಹುಣ್ಣಿಮೆಯ ಹೊತ್ತಿಗೆ ಶುರುವಾಗಿ ಏಪ್ರಿಲ್ ಕೊನೆಗೆ ಮುಗಿಯಲಿ. ನೀವು ಕೊನೆಯಲ್ಲಿ ಬಾಗಿಲು, ಕಂಬ, ಬಣ್ಣದ ಗೋಡೆ ಎಲ್ಲ ತೋರಿಸಿದ್ದೀರಿ. ಬಾಗಿಲು, ಕಂಬ, ತೊಲೆಗಳನ್ನು ಜನ ಊರು ಬಿಡುವಾಗಲೇ ಬಿಚ್ಚಿ ಹೇರಿಕೊಂಡು ಹೋಗುತ್ತಾರೆ; ಮಣ್ಣಿನ ಗೋಡೆ, ಮಾಳಿಗೆಯ ಮಣ್ಣು ನೀರಿನಲ್ಲಿ ಕರಗಿ ಕೆಸರಾಗುತ್ತವೆ. ಉಳಿಯುವುದು ಕಲ್ಲು: ಬುನಾದಿ, ಹೊಸ್ತಿಲು, ನೆಲದಲ್ಲಿ ಹೂತ ಒರಳು, ಗ್ವಾದಲಿಯ ಚಪ್ಪಡಿ, ಹಗೇವಿನ ಬಾಯಿಗಲ್ಲು. ಸಾಕ್ಷಿ ಹೇಳಬೇಕಾದ ಈ ಐದೂ ಮೊದಲ ಹದಿನೈದು ನಮೂದುಗಳಲ್ಲಿ, ಮುಖ್ಯವಲ್ಲದಂತೆ, ಬಂದು ಹೋಗಿರಬೇಕು.

ದಿನಾಂಕದ ವಿಷಯ ಬೇಗ ಮುಗಿಸುತ್ತೇವೆ. 2025–26ರ ಪಂಚಾಂಗ ಪಕ್ಕದಲ್ಲಿರಲಿ. ಎಳ್ಳ ಅಮಾವಾಸ್ಯೆಯಂದು ಚರಗ ಚೆಲ್ಲಿ ಬಂದ ರಾತ್ರಿ ಬೆಳದಿಂಗಳಲ್ಲಿ ಮಾಳಿಗೆಯ ಮೇಲೆ ಕೂತಳು ಎಂದು ಎಚ್ಚರದ ಭಾಗದಲ್ಲಿ ಬರೆದಿದ್ದೀರಿ, ಅಮಾವಾಸ್ಯೆಗೆ ಬೆಳದಿಂಗಳಿಲ್ಲ. ಅಜ್ಜಿಯ ಎಳೆತನದ ಚೂರುಗಳಲ್ಲಿ “ಬಾಗಲಕೋಟೆ ಜಿಲ್ಲೆ” ಬರಬಾರದು, ಅದು ಆದದ್ದು 1997ರಲ್ಲಿ. ಆಕೆಗೆ ಅದು ಬಿಜಾಪುರ ಜಿಲ್ಲೆ, 1956ರ ನವೆಂಬರ್‌ವರೆಗೆ ಮುಂಬೈ ರಾಜ್ಯದ್ದು. ಹಾಗೆಯೇ 1957ಕ್ಕಿಂತ ಹಿಂದೆ ರೂಪಾಯಿಗೆ ನೂರು ಪೈಸೆಯ ಲೆಕ್ಕ ಬೇಡ, ಆಣೆ ಇರಲಿ, ರೂಪಾಯಿಗೆ ಹದಿನಾರು. ಕಾಳು ಕಿಲೋದಲ್ಲಿ ಬೇಡ, ಸೇರಿನಲ್ಲಿ ಅಳೆಯಿರಿ.

ಅಭ್ಯಾಸಕ್ಕೆ ಅಲಾರಂ ಇಟ್ಟುಕೊಂಡು 90 ನಿಮಿಷಕ್ಕೊಮ್ಮೆ ಏಳಲೇ ಎಂದೂ ಕೇಳಿದ್ದೀರಿ. ಬೇಡ. ನಿದ್ದೆ ಕೆಡುತ್ತದೆ, ಸದ್ದಿಗೆ ಬೆಚ್ಚಿದರೆ ಕನಸೂ ಹಾರಿಹೋಗುತ್ತದೆ. ರಜೆಯ ದಿನಗಳಲ್ಲಿ ತಾನಾಗಿ ಎಚ್ಚರವಾಗುವವರೆಗೆ ಮಲಗಿ, ಎರಡು ವಾರ ನಿಮ್ಮದೇ ಕನಸುಗಳನ್ನು ಪೆನ್ಸಿಲಿನಲ್ಲಿ ಗೀಚಿಡಿ, ವಾಕ್ಯ ಎಲ್ಲೆಲ್ಲಿ ಮುರಿಯುತ್ತದೆ ಎಂಬುದು ಕೈಗೆ ಬರುತ್ತದೆ.

ಮೊದಲ ಹದಿನೈದು ನಮೂದುಗಳನ್ನು ತಿದ್ದಿ ಮತ್ತೆ ಕಳಿಸಿ, ಜೊತೆಗೆ ಆ ಮನೆಯ ನಕ್ಷೆಯನ್ನೂ. ನಕ್ಷೆಯಲ್ಲಿ ಪ್ರತಿ ವಸ್ತುವಿನ ಎತ್ತರವನ್ನು ಅಡಿ, ಇಂಚುಗಳಲ್ಲಿ ಬರೆದಿರಲಿ. ಗ್ವಾದಲಿಯಿಂದ ಶುರುಮಾಡಿ.