ಕಂಪನಿ ಮುಚ್ಚಿದ ಮೇಲೂ ಊರಲ್ಲಿ ಉಳಿಯುವುದು

ರಾಜಾಜಿನಗರದ ಓದುಗರೊಬ್ಬರು ಕೇಳಿದ್ದಾರೆ: "ನಮ್ಮ ರಸ್ತೆಯಲ್ಲೇ ಎರಡು ಹೊಸ ಕಂಪನಿ ಶುರುವಾಗಿ ಮುಚ್ಚಿದವು. ಈಗ ಮಗಳೂ ಕೆಲಸ ಬಿಟ್ಟು ಉದ್ಯಮ ಮಾಡ್ತೀನಿ ಅಂತಿದ್ದಾಳೆ. ಇದರಿಂದ ದೇಶ ಬೆಳೆಯುತ್ತೆ ಅನ್ನೋದು ನಿಜವೇ, ಸುಮ್ನೆ ಮಾತೇ?"

ನಿಮ್ಮ ಅನುಮಾನಕ್ಕೆ ಕಾರಣವಿದೆ. ಉದ್ಯಮಗಳ ಸಂಖ್ಯೆ ಏರಿದ ಮಾತ್ರಕ್ಕೆ ದೇಶ ಬೆಳೆಯುವುದಿಲ್ಲ. ಸ್ವಂತ ಕಸುಬಿನವರು ಬಡ ದೇಶಗಳಲ್ಲೇ ಜಾಸ್ತಿ. ಬೇರೆ ಕೆಲಸ ಸಿಗದೆ ತಳ್ಳುಗಾಡಿ ಹಿಡಿದವರು ಕಷ್ಟಪಟ್ಟು ಮನೆ ನಡೆಸುತ್ತಾರೆ. ಆದರೆ ಆ ಕಸುಬು ಇನ್ನೂ ನಾಲ್ಕು ಜನಕ್ಕೆ ಕೆಲಸ ಕೊಡುವಷ್ಟು ಬೆಳೆಯುವುದು ಅಪರೂಪ. ಅಷ್ಟೇ ಜನ, ಅಷ್ಟೇ ಹೊತ್ತಿನಲ್ಲಿ ಜಾಸ್ತಿ ಕೆಲಸ ತೆಗೆಯುವ ದಾರಿಯನ್ನು ಯಾರೋ ಕಂಡುಕೊಂಡು, ಉಳಿದವರೂ ಅದನ್ನು ಕಲಿತಾಗ ದೇಶದ ಆದಾಯ ಏರುತ್ತದೆ.

ಆ ಕಲಿಕೆಗೆ ದಶಕಗಳು ಬೇಕು. ನಮ್ಮ ಬೆಂಗಳೂರನ್ನೇ ನೋಡಿ. 1940ರಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಇಲ್ಲಿ ವಿಮಾನ ಕಾರ್ಖಾನೆ ಕಟ್ಟಿದರು. ಇಂದಿನ ಎಚ್‌ಎಎಲ್ ಅದೇ. ಆಮೇಲೆ ಟೆಲಿಫೋನ್ ತಯಾರಿಸುವ ಐಟಿಐ, ಯಂತ್ರಗಳ ಎಚ್‌ಎಂಟಿ, ಎಲೆಕ್ಟ್ರಾನಿಕ್ಸ್‌ನ ಬಿಇಎಲ್ ಎಂಬ ಸರ್ಕಾರಿ ಕಾರ್ಖಾನೆಗಳು ಬಂದವು. ಅಲ್ಲಿ ಪಳಗಿದ ಎಷ್ಟೋ ಮಂದಿ ಪೀಣ್ಯದಲ್ಲಿ ಸ್ವಂತ ಶೆಡ್ ಹಾಕಿ, ಲೋಹ ಕಡೆಯುವ ಲೇತ್ ಯಂತ್ರ ಕೂರಿಸಿ, ಬೇರೆ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ಜಾಬ್‌ವರ್ಕ್ ಹಿಡಿದರು. ಎಚ್‌ಎಂಟಿಯ ಕೈಗಡಿಯಾರದ ಕಾರ್ಖಾನೆ ನಿಂತುಹೋದರೂ ಆ ವಿದ್ಯೆ ಊರು ಬಿಡಲಿಲ್ಲ. ಹಾಗೆಯೇ 2007ರಲ್ಲಿ ಶುರುವಾದ ಫ್ಲಿಪ್‌ಕಾರ್ಟ್‌ನಲ್ಲಿ ಕೆಲಸ ಮಾಡಿದವರು 2015ರಲ್ಲಿ ಫೋನ್‌ಪೇ ಕಟ್ಟಿದರು. ಈಗ ಸೊಪ್ಪು ಮಾರುವವರ ಬುಟ್ಟಿ ಪಕ್ಕದಲ್ಲೂ ಅದರ ಕ್ಯೂಆರ್ ಕೋಡ್ ಇರುತ್ತದೆ ಅಲ್ವಾ?

ಹಾಗಾಗಿ ನಿಮ್ಮ ರಸ್ತೆಯ ಆ ಎರಡು ಕಂಪನಿಗಳನ್ನು ವ್ಯರ್ಥ ಎನ್ನಲಾರೆ. ಅಲ್ಲಿ ಕೆಲಸ ಕಲಿತವರು ಇನ್ನೆಲ್ಲೋ ಸೇರಿರುತ್ತಾರೆ. ನಷ್ಟ ಮಾತ್ರ ಒಂದೆರಡು ಮನೆಗಳ ಮೇಲೇ ಬೀಳುತ್ತದೆ, ಅದು ನಿಜ.

ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಕೆಲಸ ಚೆನ್ನಾಗಿದ್ದೂ, ಮಾಲು ಕೊಟ್ಟ ಮೇಲೆ ಪೇಮೆಂಟ್ ಬಾರದೆ ಸಣ್ಣ ಘಟಕಗಳು ಮುಚ್ಚುತ್ತವೆ. ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಕಾಯ್ದೆಯ ಪ್ರಕಾರ, ಒಪ್ಪಂದ ಏನೇ ಇದ್ದರೂ ಅವರಿಗೆ 45 ದಿನದೊಳಗೆ ಹಣ ಕೊಡಲೇಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ದೊಡ್ಡ ಗಿರಾಕಿ ಕೈತಪ್ಪಿ ಹೋದಾನು ಅನ್ನೋ ಭಯಕ್ಕೆ ಸಣ್ಣವರು ಬಾಯಿ ಬಿಡುವುದಿಲ್ಲ. ದೇಶ ಬೆಳೆಯಬೇಕು ಅನ್ನುವ ದೊಡ್ಡ ಕಂಪನಿಗಳು ಮೊದಲು ಈ ಬಾಕಿ ತೀರಿಸಲಿ.

ಮಗಳನ್ನು ಕೂರಿಸಿಕೊಂಡು ಕೇಳಿ: ಮೊದಲ ಗಿರಾಕಿ ಯಾರು? ಹಣ ಎಷ್ಟು ದಿನಕ್ಕೆ ಕೈಸೇರುತ್ತದೆ? ಒಂದು ವರ್ಷ ಆದಾಯ ಇಲ್ಲದಿದ್ದರೆ ಖರ್ಚಿಗೇನು? ಉತ್ತರ ಇದ್ದರೆ ತಡೆಯಬೇಡಿ. ಇರುವ ಮನೆಯನ್ನು ಮಾತ್ರ ಇದಕ್ಕಾಗಿ ಅಡ ಇಡಬೇಡಿ.

— ಸಂಪಾದಕರು