ಆಗುಂಬೆಯ ಮಂಜಿಗೆ ಛಾವಣಿಯ ದೀಪವೋ, ಬಂಪರಿನ ದೀಪವೋ?

ನಮಸ್ಕಾರ. ಮಳೆಗಾಲದ ರಾತ್ರಿಗಳಲ್ಲಿ ಹೆಬ್ರಿಯಿಂದ ಆಗುಂಬೆ ಘಾಟಿ ಹತ್ತಿ, ಆಚೆಗಿನ ತೋಟದ ಮಣ್ಣುದಾರಿಯಲ್ಲಿ ಸಾಗಬೇಕಾದ ನಿಮ್ಮ ಜೀಪಿಗೆ ಛಾವಣಿಯ ಮೇಲೆ ಎಲ್‌ಇಡಿ ಬಾರ್ ಹಾಕಿಸುವುದೋ, ಬಂಪರಿನಲ್ಲಿ ಎರಡು ದೀಪಗಳನ್ನು ಕೂರಿಸುವುದೋ ಎಂದು ಕೇಳಿದ್ದೀರಿ. ನನ್ನ ಮಟ್ಟಿಗೆ ಬಂಪರೇ ಸರಿ. ಕಣ್ಣಿನ ಮಟ್ಟಕ್ಕೆ ಹತ್ತಿರದಿಂದ ಹೊರಟ ಬೆಳಕು ಮಂಜಿನ ಹನಿಗಳಿಗೆ ತಾಗಿ ಚಾಲಕನ ಕಣ್ಣಿಗೇ ಹಿಂದಿರುಗುವುದರಿಂದ, ಛಾವಣಿಯ ದೀಪವು ಪ್ರಖರವಾದಷ್ಟೂ ಎದುರಿಗೆ ಬಿಳಿ ಗೋಡೆಯನ್ನೇ ನಿಲ್ಲಿಸುತ್ತದೆ. ಬಾನೆಟ್ಟಿನ ಮೇಲಿನ ಪ್ರತಿಫಲನ ಬೇರೆ. ತಗ್ಗಿನಲ್ಲಿ ಕೂರಿಸಿದ, ಅಗಲಕ್ಕೆ ಹರಡುವ, ಮೇಲಂಚಿನಲ್ಲಿ ಬೆಳಕು ಥಟ್ಟನೆ ನಿಲ್ಲುವಂತಹ ಫಾಗ್ ಲ್ಯಾಂಪ್ ರಸ್ತೆಯ ಅಂಚನ್ನೂ ಹೇರ್‌ಪಿನ್ ತಿರುವಿನ ಒಳಬದಿಯನ್ನೂ ತೋರಿಸುತ್ತದೆ. ಹಳದಿ ಬೆಳಕು ಕಣ್ಣಿಗೆ ಹಿತವೆನ್ನುವವರು ಬಹಳ ಮಂದಿ ಇದ್ದಾರೆ. ಆದರೆ ಬಣ್ಣಕ್ಕಿಂತ ಬೆಳಕು ಹರಡುವ ರೀತಿಯೇ ಮುಖ್ಯ. ಮಂಜಿನಲ್ಲಿ ಹೈಬೀಮ್ ಮಾತ್ರ ಬೇಡವೇ ಬೇಡ.

12 ವೋಲ್ಟಿನಲ್ಲಿ 55 ವಾಟಿನ ಎರಡು ಹ್ಯಾಲೊಜನ್ ದೀಪಗಳು ಸುಮಾರು 9 ಆಂಪಿಯರ್ ಎಳೆಯುತ್ತವೆ. ಆದುದರಿಂದ ಅವನ್ನು ಹೆಡ್‌ಲೈಟಿನ ತಂತಿಗೆ ಜೋಡಿಸದೆ, ಬ್ಯಾಟರಿಯ ಸಮೀಪವೇ 15 ಆಂಪಿಯರ್ ಫ್ಯೂಸ್ ಇರಿಸಿ, ಪ್ರತ್ಯೇಕ ತಂತಿ ಎಳೆದು, ರಿಲೇ (ಸಣ್ಣ ಸ್ವಿಚ್ಚಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸಾಧನ) ಮೂಲಕ ಕೊಡಿಸಿ. ದೀಪದ ಮೇಲಿನ ಐಪಿ67 ಗುರುತು ಎಂದರೆ ಧೂಳು ಹೊಗದ, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಾಳುವ ದೀಪ. ಆದರೆ ಉಡುಪಿಯ ಉಪ್ಪುಗಾಳಿಗೆ ಮೊದಲು ಹಾಳಾಗುವುದು ದೀಪವಲ್ಲ, ಕನೆಕ್ಟರು ಮತ್ತು ತಂತಿಯನ್ನು ಗಾಡಿಯ ಲೋಹದ ಮೈಗೆ ಸೇರಿಸುವ ಅರ್ತ್ ಬೋಲ್ಟು. ಬೋಲ್ಟು ಕೂರುವ ಜಾಗದ ಬಣ್ಣ ಕೆರೆದು ಬಿಗಿದು, ಗ್ರೀಸ್ ಹಚ್ಚಿಸಿ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಮುಂಭಾಗದಲ್ಲಿ ಸ್ಪಾಟ್ ಲೈಟ್ ಅಳವಡಿಸುವುದನ್ನು ನಿಷೇಧಿಸಿವೆ. ವಿಶೇಷ ಸಂದರ್ಭಗಳಲ್ಲಿ ಅಳವಡಿಸುವುದಾದರೂ ನೋಂದಣಿ ಪ್ರಾಧಿಕಾರದ ಪೂರ್ವಾನುಮತಿ ಬೇಕು. ಹಾಗಾಗಿ ಎಲ್‌ಇಡಿ ಬಾರಿಗೂ ಇದು ಅನ್ವಯಿಸುತ್ತದೆಯೇ ಎಂದು ಖರೀದಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.